ಕೈಗಾದಲ್ಲಿ ಬಾಂಬ್ ಮಾಡುತ್ತಾರಾ? ಐಎಇಎ ಇನ್‌ಸ್ಪೆಕ್ಟರ್‌ಗಳು ಅಲ್ಲಿಗೆ ಯಾಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ನಮ್ಮದು ಕಾರವಾರ ತಾಲ್ಲೂಕು, ಕದ್ರಾ ಕಡೆ. ಕೈಗಾ ಸ್ಥಾವರ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಇರಬಹುದು. ಸ್ವಲ್ಪ ಅಡಿಕೆ, ತೆಂಗಿನ ತೋಟ ಇದೆ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಘರ್ಷಣೆ ಆದಾಗಿನಿಂದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಲೇ ಇದೆ: “ಕೈಗಾದ ನಾಲ್ಕೂ ರಿಯಾಕ್ಟರ್‌ಗಳನ್ನು ವಿಶ್ವಸಂಸ್ಥೆಯ ತಪಾಸಣೆಯಿಂದ ಹೊರಗಿಟ್ಟಿದ್ದಾರೆ. ಅಲ್ಲಿ ಬಾಂಬಿಗೆ ಪ್ಲುಟೋನಿಯಂ ತಯಾರಾಗುತ್ತದೆ. ಯುದ್ಧ ಆದರೆ ಮೊದಲು ಹೊಡೆಯುವುದು ಅಲ್ಲಿಗೇ.” ಪುಣೆಯಲ್ಲಿರುವ ಮಗ ತೋಟ ಮಾರಿ ಬಂದುಬಿಡಿ ಅನ್ನುತ್ತಾನೆ. ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಭಾವ, “ಎಲ್ಲಾ ಸುಳ್ಳು, ಫಾರಿನ್ ತಪಾಸಣೆಯವರು ಬರುವುದನ್ನು ನಾನೇ ನೋಡಿದ್ದೇನೆ” ಅನ್ನುತ್ತಾರೆ. ಯಾರನ್ನು ನಂಬಬೇಕು? ತಪಾಸಣೆ ಇಲ್ಲ ಅಂದರೆ ವಿಕಿರಣ ಸೋರಿದರೂ ಕೇಳುವವರಿಲ್ಲ ಅಂತಲಾ?

ಉತ್ತರ: ಆ ಮೆಸೇಜ್‌ನಲ್ಲಿ ಮೂರು ವಾಕ್ಯ ಇವೆ. ಮೊದಲನೆಯದು ನಿಜ. ಎರಡನೆಯದು ಬರೀ ಅನುಮಾನ, ಅದನ್ನು ಖಚಿತ ಸಂಗತಿಯಂತೆ ಬರೆದಿದ್ದಾರೆ. ಮೂರನೆಯದಕ್ಕೆ ಆಧಾರ ಇಲ್ಲ. ನಿಮ್ಮ ಭಾವನವರ ಮಾತೂ ಪೂರ್ತಿ ಸರಿ ಅಲ್ಲ, ಆದರೆ ಅವರು ಸುಳ್ಳು ಹೇಳುತ್ತಿಲ್ಲ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದು ಅಣುವಸ್ತುಗಳ ಲೆಕ್ಕ ಇಡುವ ವಿಭಾಗದಲ್ಲಿ. ಕೈಗಾದಲ್ಲಿ ಅಲ್ಲ, ಐಎಇಎ, ಅಂದರೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ, ತಪಾಸಣೆ ಇರುವ ಬೇರೆ ಕಡೆ. ನಿಮ್ಮ ಮೆಸೇಜ್ ‘ವಿಶ್ವಸಂಸ್ಥೆಯ ತಪಾಸಣೆ’ ಅನ್ನುವುದು ಇದನ್ನೇ. ವಿಯೆನ್ನಾದಿಂದ ಬರುವ ಇನ್‌ಸ್ಪೆಕ್ಟರ್‌ಗಳಿಗೆ ರಿಜಿಸ್ಟರ್ ತೋರಿಸುವುದು, ಅವರು ಸೀಲ್ ಪರೀಕ್ಷಿಸುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ ಆಗಿತ್ತು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಜನ ಜಾಸ್ತಿ ತಪ್ಪು ತಿಳಿದಿರುವುದು ಅಲ್ಲೇ.

ಐಎಇಎ ತಪಾಸಣೆ ಅಂದ ಕೂಡಲೇ ವಿಕಿರಣ ಅಳೆಯುವ ಮೀಟರ್ ಹಿಡಿದವರು ಕಣ್ಣಮುಂದೆ ಬರುತ್ತಾರೆ, ಅಲ್ವಾ? ನಿಮ್ಮ ಮೆಸೇಜ್ ಹೇಳುವ ತಪಾಸಣೆ ಅದಲ್ಲ. ಅದಕ್ಕೆ ‘ಸೇಫ್‌ಗಾರ್ಡ್ಸ್’ ಅನ್ನುತ್ತಾರೆ. ಅದು ಲೆಕ್ಕದ ತಪಾಸಣೆ. ಎಷ್ಟು ಯುರೇನಿಯಂ ಒಳಗೆ ಬಂತು, ಎಷ್ಟು ರಿಯಾಕ್ಟರ್‌ನಲ್ಲಿದೆ, ಉರಿದ ಇಂಧನ ಎಷ್ಟು ಕೊಳದಲ್ಲಿದೆ, ಎಷ್ಟು ಹೊರಗೆ ಹೋಯಿತು, ಎಲ್ಲಾ ತಾಳೆ ಆಗುತ್ತಾ? ಇಷ್ಟೇ ಅವರ ಪ್ರಶ್ನೆ. ಅದಕ್ಕಾಗಿ ಕ್ಯಾಮೆರಾ ಇಡುತ್ತಾರೆ, ನಂಬರ್ ಇರುವ ಸೀಲ್ ಹಾಕುತ್ತಾರೆ, ಇಂಧನದ ಬಂಡಲ್‌ಗಳನ್ನು ಎಣಿಸುವ ಉಪಕರಣ ಕೂರಿಸುತ್ತಾರೆ. ಅವರ ತಲೆಯಲ್ಲಿ ಸದಾ ಇರುವ ಅಂಕಿ 8 ಕಿಲೋ. ಅಷ್ಟು ಪ್ಲುಟೋನಿಯಂ ಲೆಕ್ಕ ತಪ್ಪಿದರೆ ಒಂದು ಬಾಂಬಿಗೆ ಸಾಕಾಗಬಹುದು ಎಂಬುದು ಐಎಇಎ ಇಟ್ಟುಕೊಂಡಿರುವ ಅಳತೆ. ಪಂಪ್ ಸೋರುತ್ತಿದೆಯಾ, ಪೈಪ್ ಬಿರುಕು ಬಿಟ್ಟಿದೆಯಾ ಅಂತ ನೋಡುವುದು ಅವರ ಕೆಲಸವೇ ಅಲ್ಲ. ಕಾರಿಡಾರಿನಲ್ಲಿ ನೀರು ನಿಂತಿದ್ದರೆ ದಾಟಿಕೊಂಡು ಹೋಗಿ ಸೀಲ್ ನೋಡುತ್ತಾರೆ.

ಸುರಕ್ಷತೆಯನ್ನು ನೋಡುವುದು ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. ಅದು ಹುಟ್ಟಿದ್ದು 1983ರಲ್ಲಿ. ಸೇಫ್‌ಗಾರ್ಡ್ಸ್ ಇರಲಿ ಬಿಡಲಿ, ನಮ್ಮ ಎಲ್ಲಾ ವಿದ್ಯುತ್ ಸ್ಥಾವರಗಳೂ ಅದರ ಕೈಕೆಳಗೇ ಬರುತ್ತವೆ. ಕೈಗಾ ಕೂಡ. ಆ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯ ಇಲ್ಲ ಎಂಬ ದೂರು ಹಳೆಯದು. 2012ರಲ್ಲಿ ಸಿಎಜಿ ವರದಿಯೇ ಅದನ್ನು ಎತ್ತಿ ಹೇಳಿತ್ತು. ಆ ದೂರಿನಲ್ಲಿ ತಿರುಳಿದೆ. ಆದರೆ ಅದು ಸುರಕ್ಷತೆಯ ಚರ್ಚೆ, ಬಾಂಬಿನದಲ್ಲ. ಇನ್ನು ನಿಮ್ಮ ಭಾವ ನೋಡಿದ ವಿದೇಶಿಯರ ವಿಷಯ. ಪ್ರಪಂಚದ ಅಣುಸ್ಥಾವರ ನಡೆಸುವವರೆಲ್ಲ ಸೇರಿ ಮಾಡಿಕೊಂಡ ‘ವಾನೋ’ ಎಂಬ ಸಂಘ ಇದೆ. ಕೈಗಾ ನಡೆಸುವ ಎನ್‌ಪಿಸಿಐಎಲ್ ಅದರ ಸದಸ್ಯ. ಆ ಸಂಘದ ತಂಡಗಳು ಒಬ್ಬರ ಸ್ಥಾವರವನ್ನು ಇನ್ನೊಬ್ಬರು ಬಂದು ನೋಡುವ ಕೆಲಸ ಮಾಡುತ್ತವೆ. ನಿಮ್ಮ ಭಾವ ನೋಡಿದ್ದು ಬಹುಶಃ ಅಂಥ ತಂಡದವರನ್ನೇ. ಅವರು ಸುರಕ್ಷತೆ ನೋಡಲು ಬಂದವರು, ಯುರೇನಿಯಂ ಎಣಿಸಲು ಅಲ್ಲ.

ಹಾಗಾದರೆ ಎಣಿಸುವವರು ಯಾಕೆ ಬರುವುದಿಲ್ಲ? ಇದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮುಂಬೈನ ಟ್ರಾಂಬೆಯಲ್ಲಿ 1960ರಲ್ಲಿ ಸೈರಸ್ ಎಂಬ ಸಂಶೋಧನಾ ರಿಯಾಕ್ಟರ್ ಶುರುವಾಯಿತು. ರಿಯಾಕ್ಟರ್ ಕೊಟ್ಟಿದ್ದು ಕೆನಡಾ, ಅದು ಓಡಲು ಬೇಕಾದ ಭಾರಜಲ (ಜಲಜನಕದ ಭಾರವಾದ ರೂಪ ಇರುವ ನೀರು) ಕೊಟ್ಟಿದ್ದು ಅಮೆರಿಕ. ಶಾಂತಿಯುತ ಉದ್ದೇಶಕ್ಕೆ ಮಾತ್ರ ಬಳಸುತ್ತೇವೆ ಎಂದು ನಾವು ಬರೆದುಕೊಟ್ಟಿದ್ದೆವು. ಬಂದು ಎಣಿಸುವ ಏರ್ಪಾಡು ಮಾತ್ರ ಇರಲಿಲ್ಲ. 1974ರ ಮೇ 18ರಂದು ಪೋಖರಣ್‌ನಲ್ಲಿ ಸ್ಫೋಟಿಸಿದ್ದು ಆ ಸೈರಸ್‌ನಿಂದ ಬಂದ ಪ್ಲುಟೋನಿಯಂ. ನಾವು ಅದನ್ನು ಶಾಂತಿಯುತ ಸ್ಫೋಟ ಎಂದೆವು. ಕೆನಡಾ ಒಪ್ಪಲಿಲ್ಲ. ರಾಜಸ್ಥಾನದ ರಾವತ್‌ಭಾಟಾದಲ್ಲಿ ಎರಡನೇ ರಿಯಾಕ್ಟರ್ ಕಟ್ಟುತ್ತಿದ್ದ ಕೆನಡಾದವರು ಅರ್ಧಕ್ಕೇ ನೆರವು ನಿಲ್ಲಿಸಿದರು. ಅಣುಸಾಮಗ್ರಿ ಮಾರುವ ದೇಶಗಳು ಸೇರಿ ಎನ್‌ಎಸ್‌ಜಿ ಎಂಬ ಕೂಟ ಕಟ್ಟಿಕೊಂಡವು. ಇವತ್ತು ನಾವು ಸದಸ್ಯತ್ವ ಕೊಡಿ ಎಂದು ಕೇಳುತ್ತಿರುವ ಕೂಟ ಹುಟ್ಟಿದ್ದೇ ನಮ್ಮಿಂದಾಗಿ.

ಸೈರಸ್ ಆದಮೇಲೆ ಬಂದವಕ್ಕೆ ಒಂದು ಸರಳ ನಿಯಮ ನಡೆಯಿತು. ವಿದೇಶದ ರಿಯಾಕ್ಟರ್ ಅಥವಾ ಇಂಧನ ಬಂದ ಕಡೆ ಅದರ ಬೆನ್ನಿಗೇ ಇನ್‌ಸ್ಪೆಕ್ಟರ್ ಬರುತ್ತಾನೆ. ಅಮೆರಿಕ ಕೊಟ್ಟ ತಾರಾಪುರದ ಮೊದಲೆರಡು ಘಟಕ, ಕೆನಡಾದ ರಾವತ್‌ಭಾಟಾದ ಮೊದಲೆರಡು, ಆಮೇಲೆ ರಷ್ಯಾದ ಕೂಡಂಕುಳಂ ಹಾಗೆ ತಪಾಸಣೆಯ ಒಳಗೆ ಬಂದವು. ನಾವೇ ವಿನ್ಯಾಸ ಮಾಡಿ, ನಮ್ಮದೇ ಯುರೇನಿಯಂ ಹಾಕಿದ ಕಡೆ ಯಾರೂ ಬರಲಿಲ್ಲ. ಕಲ್ಪಾಕ್ಕಂ, ನರೋರಾ, ಕಾಕ್ರಾಪಾರ್, ಕೈಗಾ ಈ ಸಾಲಿನವು. ಇದರಲ್ಲಿ ಯಾವ ಕರಾರನ್ನೂ ಮುರಿದಂತಾಗಲಿಲ್ಲ. ಯಾಕೆಂದರೆ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ, ಅಂದರೆ ಎನ್‌ಪಿಟಿಗೆ, ಭಾರತ ಸಹಿಯೇ ಹಾಕಿಲ್ಲ. 1967ರ ಜನವರಿ 1ಕ್ಕೆ ಮುಂಚೆ ಸ್ಫೋಟ ನಡೆಸಿದ ಐದು ದೇಶಗಳು ಬಾಂಬ್ ಇಟ್ಟುಕೊಳ್ಳಬಹುದು, ಉಳಿದವರು ಮುಟ್ಟಬಾರದು ಎನ್ನುವ ಒಪ್ಪಂದ ಅದು. ಆ ಐದು ದೇಶಗಳೂ ತಮ್ಮ ಎಲ್ಲಾ ರಿಯಾಕ್ಟರ್‌ಗಳನ್ನು ತೆರೆದಿಡಬೇಕು ಎಂಬ ಕಡ್ಡಾಯ ಇಲ್ಲ. ಅವರಿಗೆ ಇಷ್ಟ ಬಂದದ್ದನ್ನು ತೋರಿಸುತ್ತಾರೆ. ‘ತಪಾಸಣೆ ಇಲ್ಲ ಅಂದರೆ ಏನೋ ಕಳ್ಳತನ’ ಎಂದು ಓದುವ ಮುಂಚೆ ಇದು ಗೊತ್ತಿರಲಿ.

2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಮತ್ತು ಜಾರ್ಜ್ ಬುಷ್ ಮಾತುಕತೆ ಆಯಿತು. ನಾಗರಿಕ ರಿಯಾಕ್ಟರ್‌ಗಳನ್ನು ಬೇರೆ ಮಾಡಿ ತಪಾಸಣೆಗೆ ಕೊಡಿ, ಹೊರಗಿನ ಯುರೇನಿಯಂ ತೆಗೆದುಕೊಳ್ಳಿ, ಇದು ವ್ಯವಹಾರ. 2006ರ ಮಾರ್ಚ್‌ನಲ್ಲಿ ಬಂದ ಯೋಜನೆಯ ಪ್ರಕಾರ 22 ರಿಯಾಕ್ಟರ್‌ಗಳಲ್ಲಿ 14 ಒಳಗೆ, 8 ಹೊರಗೆ. ಆ ಎಂಟು ಯಾವುವು ಅಂದರೆ ಕೈಗಾದ ನಾಲ್ಕು, ಕಲ್ಪಾಕ್ಕಂನ ಎರಡು, ತಾರಾಪುರದ 3 ಮತ್ತು 4ನೇ ಘಟಕ. ಆಗ ಕೈಗಾದ 3 ಮತ್ತು 4 ಇನ್ನೂ ಕಟ್ಟಡದ ಹಂತದಲ್ಲಿದ್ದವು. 2008ರ ಸೆಪ್ಟೆಂಬರ್ 6ರಂದು ಎನ್‌ಎಸ್‌ಜಿ ಭಾರತಕ್ಕೆ ವಿನಾಯಿತಿ ಕೊಟ್ಟಿತು. 2009ರಲ್ಲಿ ಐಎಇಎ ಜೊತೆಗಿನ ಕರಾರು ಜಾರಿಗೆ ಬಂತು. ಒಪ್ಪಿಕೊಂಡ ರಿಯಾಕ್ಟರ್‌ಗಳು ಒಂದೊಂದಾಗಿ ತಪಾಸಣೆಗೆ ಸೇರಿದವು. ಕೈಗಾ ಹೊರಗೇ ಉಳಿಯಿತು.

ಯಾಕೆ ಕೈಗಾ? ಸರ್ಕಾರದ ಯೋಜನೆಯಲ್ಲಿ ಇದ್ದ ಮುಖ್ಯ ಮಾನದಂಡ, ತಪಾಸಣೆಗೆ ಕೊಟ್ಟರೆ ದೇಶದ ಭದ್ರತೆಗೆ ತೊಂದರೆ ಆಗುತ್ತದಾ ಎಂಬುದು. ಕಲ್ಪಾಕ್ಕಂ ಹೊರಗುಳಿದದ್ದು ಅರ್ಥ ಆಗುತ್ತದೆ, ಅದೇ ಆವರಣದಲ್ಲಿ ಬೇರೆ ಸೂಕ್ಷ್ಮ ಕೆಲಸಗಳು ನಡೆಯುತ್ತವೆ. ಕೈಗಾದಲ್ಲಿ ಹಾಗೇನೂ ಇಲ್ಲ, ಕಾಡಿನ ಮಧ್ಯೆ ಬರೀ ವಿದ್ಯುತ್ ಸ್ಥಾವರ. ನನ್ನ ಲೆಕ್ಕದಲ್ಲಿ ಕೈಗಾದಿಂದ ಬೇಕಾಗಿದ್ದದ್ದು ಅದರ ಬಳಸಿದ ಇಂಧನ. ಆ ಇಂಧನದಲ್ಲಿರುವ ಪ್ಲುಟೋನಿಯಂ ತೆಗೆದು, ಉರಿಯುತ್ತಲೇ ಹೊಸ ಇಂಧನ ಹುಟ್ಟಿಸುವ ಬ್ರೀಡರ್ ರಿಯಾಕ್ಟರ್‌ಗೆ ಹಾಕುವುದು ಹೋಮಿ ಭಾಭಾ ಕಾಲದಿಂದ ಬಂದ ಮೂರು ಹಂತದ ಯೋಜನೆ. ಕಲ್ಪಾಕ್ಕಂನ 500 ಮೆಗಾವ್ಯಾಟ್ ಬ್ರೀಡರ್ ಕೂಡ ತಪಾಸಣೆಯ ಹೊರಗೇ ಇದೆ. ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ 2006ರಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದ್ದರು. ಇಂಧನದ ಭದ್ರತೆ ಮತ್ತು ರಕ್ಷಣೆಯ ಅಗತ್ಯ ಎರಡಕ್ಕಾಗಿಯೂ ಬ್ರೀಡರ್ ಕಾರ್ಯಕ್ರಮವನ್ನು ನಾಗರಿಕ ಪಟ್ಟಿಗೆ ಹಾಕಲು ಆಗುವುದಿಲ್ಲ ಎಂಬುದು ಅವರ ಮಾತಿನ ಸಾರ. ಆದ್ದರಿಂದ ಹೊರಗಿನವರ ಅನುಮಾನ ಪೂರ್ತಿ ಗಾಳಿಮಾತು ಅಂತ ನಾನು ಹೇಳುವುದಿಲ್ಲ.

ಈಗ ಅಸಲು ಪ್ರಶ್ನೆ. ಕೈಗಾದಲ್ಲಿ ಬಾಂಬಿನ ಪ್ಲುಟೋನಿಯಂ ತಯಾರಾಗುತ್ತದಾ?

ಯುರೇನಿಯಂ ಉರಿಯುವ ಪ್ರತಿ ರಿಯಾಕ್ಟರ್‌ನಲ್ಲೂ ಪ್ಲುಟೋನಿಯಂ ಹುಟ್ಟುತ್ತದೆ. ಕೈಗಾದಲ್ಲೂ ಹುಟ್ಟುತ್ತದೆ. ಅಲ್ಲಿಯಂಥ ಭಾರಜಲ ರಿಯಾಕ್ಟರ್‌ನ ಒಂದು ಟನ್ ಬಳಸಿದ ಇಂಧನದಲ್ಲಿ ಮೂರೂವರೆ ಕಿಲೋ ಆಸುಪಾಸು ಇರುತ್ತದೆ. ಪ್ರಶ್ನೆ ಇರುವುದು ಎಂಥ ಪ್ಲುಟೋನಿಯಂ ಎಂಬುದರಲ್ಲಿ. ಇಂಧನ ರಿಯಾಕ್ಟರ್‌ನಲ್ಲಿ ಜಾಸ್ತಿ ದಿನ ಇದ್ದಷ್ಟೂ ಪ್ಲುಟೋನಿಯಂ-240 ಎಂಬ ಬೆರಕೆ ಹೆಚ್ಚುತ್ತದೆ. ಬಾಂಬ್ ಮಾಡುವವರಿಗೆ ಅದು ತಲೆನೋವು. ಅವರಿಗೆ ಆ ಬೆರಕೆ ಶೇ 7ಕ್ಕಿಂತ ಕಡಿಮೆ ಇರಬೇಕು. ಅಂದರೆ ಇಂಧನವನ್ನು ಅರೆಬರೆ ಉರಿಸಿ ಬೇಗ ಹೊರಗೆ ತೆಗೆಯಬೇಕು. ವಿದ್ಯುತ್ ಮಾರುವವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಯುರೇನಿಯಂ ದುಬಾರಿ, ಅದನ್ನು ಪೂರ್ತಿ ಉರಿಸಿಯೇ ತೆಗೆಯಬೇಕು. ಕೈಗಾದಂಥ ಸ್ಥಾವರದಲ್ಲಿ ಇಂಧನವನ್ನು ಟನ್ನಿಗೆ 7,000 ಮೆಗಾವ್ಯಾಟ್-ದಿನದ ಹತ್ತಿರ ಉರಿಸುತ್ತಾರೆ (ಒಂದು ಟನ್ ಇಂಧನದಿಂದ ಎಷ್ಟು ಶಾಖ ತೆಗೆದರು ಎಂಬ ಅಳತೆ ಇದು). ಬಾಂಬಿಗೆ ಬೇಕೆಂದರೆ 1,000ದ ಆಸುಪಾಸಿಗೇ ತೆಗೆಯಬೇಕು. ಹಾಗೆ ಮಾಡಿದರೆ ಏಳು ಪಟ್ಟು ಇಂಧನ ಬೇಕು, ಇಂಧನ ತುಂಬುವ ಯಂತ್ರಕ್ಕೆ ಏಳು ಪಟ್ಟು ಕೆಲಸ. 2007-08ರಲ್ಲಿ ದೇಶದಲ್ಲಿ ಯುರೇನಿಯಂಗೆ ಎಷ್ಟು ಬರ ಬಂದಿತ್ತು ಅಂದರೆ ನಮ್ಮ ರಿಯಾಕ್ಟರ್‌ಗಳು ಅರ್ಧ ಸಾಮರ್ಥ್ಯದ ಹತ್ತಿರ ಓಡುತ್ತಿದ್ದವು. ವಿದ್ಯುತ್ತಿಗೇ ಸಾಲದ ಯುರೇನಿಯಂ ಅನ್ನು ಹೀಗೆ ಪೋಲು ಮಾಡುವುದು ಬುದ್ಧಿವಂತರ ಕೆಲಸ ಅಲ್ಲ. ಅದಕ್ಕೆ ಬೇರೆ ಜಾಗ ಇದೆ. ಬಾಂಬಿನ ಪ್ಲುಟೋನಿಯಂ ಬಂದದ್ದು ಟ್ರಾಂಬೆಯ ಸೈರಸ್ ಮತ್ತು 100 ಮೆಗಾವ್ಯಾಟ್‌ನ ಧ್ರುವದಿಂದ ಎಂಬುದು ಜಗತ್ತಿಗೇ ಗೊತ್ತಿರುವ ಸಂಗತಿ. ಸೈರಸ್ 2010ರಲ್ಲಿ ಮುಚ್ಚಿತು, ಧ್ರುವ 1985ರಲ್ಲಿ ಶುರುವಾದದ್ದು.

ಇನ್ನೊಂದು ಮಾತು. ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರೆ ಮಾಡಲು ಮರುಸಂಸ್ಕರಣಾ ಘಟಕ ಬೇಕು. ಅದು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿದೆ. ಕೈಗಾದಲ್ಲಿ ಇಲ್ಲ. ಅಲ್ಲಿರುವುದು ನೀರಿನ ಕೊಳದಲ್ಲಿ ಮುಳುಗಿಸಿಟ್ಟ ಇಂಧನದ ಬಂಡಲ್‌ಗಳು. ಒಂದೊಂದು ಬಂಡಲ್ ಅರ್ಧ ಮೀಟರ್ ಉದ್ದ. ಹೊಸದಾಗಿ ಹೊರಬಂದ ಬಂಡಲ್‌ನ ಪಕ್ಕ ತಡೆ ಇಲ್ಲದೆ ನಿಂತವರು ಬದುಕುವುದಿಲ್ಲ, ಯಾರೋ ಚೀಲಕ್ಕೆ ಹಾಕಿಕೊಂಡು ಹೋಗುವ ವಸ್ತು ಅಲ್ಲ. ಕರ್ನಾಟಕದಲ್ಲೇ ಬಾಂಬಿನ ಪ್ರಶ್ನೆ ಕೇಳಬೇಕು ಅನ್ನುವವರು ಕೈಗಾ ಬಿಟ್ಟು ಮೈಸೂರಿನ ಹೊರಗಿರುವ ಯುರೇನಿಯಂ ಸಮೃದ್ಧೀಕರಣ (ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಅಂಶವನ್ನು ಹೆಚ್ಚಿಸುವ) ಘಟಕದ ಬಗ್ಗೆ ಕೇಳಿದರೆ ಹೆಚ್ಚು ಅರ್ಥ ಇರುತ್ತದೆ. ಅಲ್ಲಿಯ ಯುರೇನಿಯಂ ಮುಖ್ಯವಾಗಿ ಜಲಾಂತರ್ಗಾಮಿಯ ರಿಯಾಕ್ಟರ್‌ಗೆ ಎಂದು ಹೊರಗಿನ ತಜ್ಞರು ಅಂದಾಜು ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಕೈಗಾದ ಮೇಲೆ ಅನುಮಾನ ಯಾಕೆ ಉಳಿಯುತ್ತದೆ ಎಂಬುದನ್ನು ಮುಚ್ಚಿಡಬಾರದು. ಕೂಡಂಕುಳಂನಂಥ ರಿಯಾಕ್ಟರ್‌ನಲ್ಲಿ ಇಂಧನ ಬದಲಿಸಬೇಕಾದರೆ ಪೂರ್ತಿ ನಿಲ್ಲಿಸಬೇಕು. ಹೊರಗಿನವರಿಗೆ ಅದು ಗೊತ್ತಾಗುತ್ತದೆ. ಕೈಗಾದಲ್ಲಿ ನಿಲ್ಲಿಸುವುದೇ ಬೇಡ, ಓಡುತ್ತಿರುವಾಗಲೇ ಇಂಧನ ಬದಲಿಸಬಹುದು. 306 ಕೊಳವೆ, ಒಂದೊಂದರಲ್ಲಿ 12 ಬಂಡಲ್. ಒಂದು ಕಡೆಯಿಂದ ಹೊಸದನ್ನು ತಳ್ಳಿದರೆ ಇನ್ನೊಂದು ಕಡೆಯಿಂದ ಹಳೆಯದು ಬರುತ್ತದೆ. ಈ ಗುಣದಿಂದಲೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಇದೇ ಗುಣದಿಂದ, ಬೇಕೆಂದರೆ ಕೆಲವೇ ಕೊಳವೆಗಳ ಇಂಧನವನ್ನು ಬೇಗ ತೆಗೆಯುವುದೂ ಸಾಧ್ಯ. ಹೊರಗಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಇನ್ನು, ವಿದ್ಯುತ್ ಸ್ಥಾವರದ ಪ್ಲುಟೋನಿಯಂ ಬಾಂಬಿಗೆ ಬರುವುದೇ ಇಲ್ಲ ಎನ್ನುವುದೂ ತಪ್ಪು. ಅಮೆರಿಕ 1962ರಲ್ಲಿ ಅಂಥದ್ದನ್ನು ಬಳಸಿ ಪರೀಕ್ಷೆ ನಡೆಸಿದ್ದಾಗಿ ಆಮೇಲೆ ಒಪ್ಪಿಕೊಂಡಿತು. ಕಷ್ಟ, ಆದರೆ ಅಸಾಧ್ಯ ಅಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೈಗಾ ಬಾಂಬಿನ ಕಾರ್ಖಾನೆ ಎನ್ನಲು ಯಾವ ಪುರಾವೆಯೂ ಇಲ್ಲ, ಹಾಗೆ ನಡೆಸುವುದಕ್ಕೆ ತರ್ಕವೂ ಇಲ್ಲ. ಆದರೆ ಅಲ್ಲ ಎಂದು ಹೊರಗಿನವರಿಗೆ ತೋರಿಸುವ ದಾರಿಯನ್ನು ನಾವೇ ಮುಚ್ಚಿಕೊಂಡಿದ್ದೇವೆ. ಅದಕ್ಕೆ ಬೆಲೆ ತೆರುತ್ತಿದ್ದೇವೆ.

ಆ ಬೆಲೆ ಕಾಣುವುದು ಕಾರವಾರದಲ್ಲಿ ಅಲ್ಲ, ಜಿನೀವಾದಲ್ಲಿ. ಅಲ್ಲಿ 65 ದೇಶಗಳ ನಿಶ್ಶಸ್ತ್ರೀಕರಣ ಸಮ್ಮೇಳನ ಇದೆ. ಬಾಂಬಿಗಾಗಿ ಪ್ಲುಟೋನಿಯಂ, ಸಮೃದ್ಧ ಯುರೇನಿಯಂ ತಯಾರಿಸುವುದನ್ನು ಎಲ್ಲರೂ ನಿಲ್ಲಿಸಬೇಕು ಎಂಬ ಒಪ್ಪಂದದ ಮಾತು 1990ರ ದಶಕದಿಂದ ನಡೆದಿದೆ. ಅಲ್ಲಿ ಒಂದೇ ಒಂದು ದೇಶ ಬೇಡ ಎಂದರೂ ಕೆಲಸ ಮುಂದಕ್ಕೆ ಹೋಗುವುದಿಲ್ಲ. 2009ರಿಂದ ಈಚೆಗೆ ಎದ್ದು ನಿಂತು ಬೇಡ ಎನ್ನುತ್ತಿರುವುದು ಪಾಕಿಸ್ತಾನ. ಅವರ ವಾದ: ಹೊಸ ತಯಾರಿಕೆ ಮಾತ್ರ ನಿಲ್ಲಿಸಿದರೆ ಸಾಲದು, ಭಾರತದ ಹಳೆಯ ದಾಸ್ತಾನಿನ ಗತಿ ಏನು? ತಪಾಸಣೆಯ ಹೊರಗಿರುವ ರಿಯಾಕ್ಟರ್‌ಗಳ ಇಂಧನವನ್ನೂ ಅವರು ಆ ದಾಸ್ತಾನಿಗೆ ಸೇರಿಸಿ ಹೇಳುತ್ತಾರೆ. ಇದು ಅವರಿಗೆ ಅನುಕೂಲದ ನೆಪವೂ ಹೌದು. ಆ ನೆಪ ಹೇಳುತ್ತಲೇ ಅವರು ಖುಷಾಬ್‌ನಲ್ಲಿ ಪ್ಲುಟೋನಿಯಂ ರಿಯಾಕ್ಟರ್‌ಗಳನ್ನು ಒಂದರಿಂದ ನಾಲ್ಕಕ್ಕೆ ಏರಿಸಿಕೊಂಡರು. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಅಂದಾಜಿನಲ್ಲಿ 2025ರ ಜನವರಿಗೆ ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ ಸುಮಾರು 170 ಸಿಡಿತಲೆ. ಯಾರಿಗೂ ಇದರಿಂದ ನೆಮ್ಮದಿ ಬಂದಂತೆ ಕಾಣುವುದಿಲ್ಲ.

ಮುಂದೆ ಏನು ಮಾಡಬಹುದು? ಕೈಗಾವನ್ನು ನಾವೇ ಮುಂದಾಗಿ ತಪಾಸಣೆಗೆ ಕೊಡುವುದು ಒಂದು ದಾರಿ. ಕಜಾಕಿಸ್ತಾನ, ಕೆನಡಾದ ಯುರೇನಿಯಂ ಅಲ್ಲಿಗೂ ತರಬಹುದು. ಈಗ ಅದು ತಪಾಸಣೆ ಇರುವ ಸ್ಥಾವರಗಳಿಗೆ ಮಾತ್ರ. ಎನ್‌ಎಸ್‌ಜಿ ಸದಸ್ಯತ್ವ ಕೇಳುವಾಗ ಕೈಯಲ್ಲಿ ಒಂದು ಒಳ್ಳೆಯ ಮಾತು ಇರುತ್ತದೆ, ಆದರೂ ಅದಕ್ಕೆ ಅಡ್ಡ ನಿಂತಿರುವ ಚೀನಾ ಅಷ್ಟಕ್ಕೇ ಒಪ್ಪುತ್ತದೆ ಎಂಬ ಭ್ರಮೆ ನನಗಿಲ್ಲ. ಅಪಾಯ ಏನೆಂದರೆ, ಒಮ್ಮೆ ಒಳಗೆ ಹೋದ ರಿಯಾಕ್ಟರ್ ಮತ್ತೆ ಹೊರಗೆ ಬರುವುದಿಲ್ಲ, ಅದು ಶಾಶ್ವತ. ಅದರ ಬಳಸಿದ ಇಂಧನವೂ ಜೊತೆಗೇ ಹೋಗುತ್ತದೆ. ಬ್ರೀಡರ್‌ಗೆ ಆ ಇಂಧನ ಹಾಕಬೇಕೆಂದರೆ ಅಲ್ಲಿಗೂ ಇನ್‌ಸ್ಪೆಕ್ಟರ್ ಹಿಂಬಾಲಿಸುತ್ತಾನೆ. ಈಗ ಇರುವಂತೆಯೇ ಬಿಡುವುದು ಎರಡನೆಯದು. ಆಗ ನಮ್ಮ ಕೈ ಕಟ್ಟಿಹಾಕಿದಂತೆ ಆಗುವುದಿಲ್ಲ, ಆದರೆ ಅನುಮಾನ ಉಳಿಯುತ್ತದೆ. ಉತ್ಪಾದನೆ ನಿಲ್ಲಿಸುವ ಒಪ್ಪಂದ ಮೂರನೆಯದು. ಅದು ಬರುವುದು ನಾನು ನೋಡುತ್ತೇನೆ ಎಂದು ಅನಿಸುವುದಿಲ್ಲ. ನನ್ನನ್ನು ಕೇಳಿದರೆ ನಾಲ್ಕೂ ಘಟಕವನ್ನಲ್ಲ, ಮೊದಲೆರಡನ್ನು ತಪಾಸಣೆಗೆ ಕೊಟ್ಟು ನೋಡಬಹುದು. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಅರ್ಧ ಜನ ಇದಕ್ಕೆ ಒಪ್ಪುವುದಿಲ್ಲ, ಅವರ ಕಾರಣಗಳೂ ಹಗುರವಲ್ಲ.

ಇನ್ನು ನಿಮ್ಮ ನಿಜವಾದ ಭಯ. ಯುದ್ಧ ಆದರೆ ಕೈಗಾಕ್ಕೆ ಹೊಡೆಯುತ್ತಾರಾ?

ನಮ್ಮವರಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಕರಾರು ಇದೆ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. ಇರಾಕಿನ ರಿಯಾಕ್ಟರ್ ಮೇಲೆ ಇಸ್ರೇಲ್ 1981ರಲ್ಲಿ ಬಾಂಬ್ ಹಾಕಿದ ಮೇಲೆ, ಭಾರತವೂ ಪಾಕಿಸ್ತಾನದ ಕಹೂಟಾ ಅಣುಘಟಕಕ್ಕೆ ಹಾಗೇ ಮಾಡಬಹುದು ಎಂಬ ಗುಸುಗುಸು ಇತ್ತು. ಆ ಹೆದರಿಕೆಯಿಂದ ಹುಟ್ಟಿದ ಒಪ್ಪಂದ ಇದು. 1991ರಲ್ಲಿ ಜಾರಿಗೆ ಬಂತು. 1992ರಿಂದ ಪ್ರತಿ ವರ್ಷ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು, ಅವು ಎಲ್ಲಿವೆ ಎಂಬ ಅಕ್ಷಾಂಶ ರೇಖಾಂಶ ಸಮೇತ, ಒಬ್ಬರಿಗೊಬ್ಬರು ಕೊಡುತ್ತಾರೆ. ಕಾರ್ಗಿಲ್ ಆಯಿತು, ಸಂಸತ್ತಿನ ಮೇಲೆ ದಾಳಿ ಆಯಿತು, ಮುಂಬೈ ಆಯಿತು, ಬಾಲಾಕೋಟ್ ಆಯಿತು. ಪಟ್ಟಿ ಕೊಡುವುದು ನಿಲ್ಲಲಿಲ್ಲ. 2025ರ ಮೇ ಘರ್ಷಣೆಯ ನಂತರದ ಜನವರಿ 1ರಂದೂ ಕೊಟ್ಟರು. ಪಟ್ಟಿಗಳು ಗುಟ್ಟಾಗಿರುತ್ತವೆ, ಆದರೆ ವಿದ್ಯುತ್ ರಿಯಾಕ್ಟರ್‌ಗಳು ಈ ಕರಾರಿನ ರಕ್ಷಣೆಯ ಒಳಗೆ ಬರುತ್ತವೆ ಎಂದು ಅದರಲ್ಲೇ ಬರೆದಿದೆ. ಇಲ್ಲಿ ಐಎಇಎ ತಪಾಸಣೆ ಇದೆಯೋ ಇಲ್ಲವೋ ಎಂಬ ಭೇದ ಇಲ್ಲ.

ಇದು ಕಾಗದದ ಮಾತು, ಮುರಿದರೆ ಶಿಕ್ಷಿಸುವವರು ಯಾರೂ ಇಲ್ಲ. ನಿಜ. ಆದರೆ ಎರಡು ಕಡೆಯವರಿಗೂ ಕಳೆದುಕೊಳ್ಳುವುದು ಇರುವುದರಿಂದ ಇದು ಇಷ್ಟು ವರ್ಷ ಉಳಿದಿದೆ. ನಾವು ಕರಾಚಿ ಪಕ್ಕದ ಅವರ ಸ್ಥಾವರಕ್ಕೆ ಹೊಡೆಯಬಹುದು, ಅವರು ನಮ್ಮದಕ್ಕೆ. ಆಮೇಲೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು.

ಮೆಸೇಜ್‌ನಲ್ಲಿರುವ ತರ್ಕ, ತಪಾಸಣೆ ಇಲ್ಲದ್ದಕ್ಕೇ ಮೊದಲು ಹೊಡೆಯುತ್ತಾರೆ ಎಂಬುದು, ಚರಿತ್ರೆಯಲ್ಲಿ ನಿಲ್ಲುವುದಿಲ್ಲ. 1981ರಲ್ಲಿ ಇಸ್ರೇಲ್ ನಾಶ ಮಾಡಿದ ಇರಾಕಿನ ರಿಯಾಕ್ಟರ್ ಐಎಇಎ ತಪಾಸಣೆಯಲ್ಲೇ ಇತ್ತು. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕ ಹೊಡೆದ ಇರಾನಿನ ನತಾಂಜ್, ಫೋರ್ಡೋ ಕೂಡ ತಪಾಸಣೆಯ ಒಳಗಿದ್ದವು. ಆ ದಾಳಿಗಳಲ್ಲಿ ಬುಶೆಹ್ರ್‌ನ ವಿದ್ಯುತ್ ರಿಯಾಕ್ಟರ್ ಅನ್ನು ಮಾತ್ರ ಮುಟ್ಟಲಿಲ್ಲ. ಓಡುತ್ತಿರುವ ವಿದ್ಯುತ್ ರಿಯಾಕ್ಟರ್‌ಗೆ ಹೊಡೆದರೆ ಗಾಳಿ ಯಾವ ಕಡೆ ಬೀಸುತ್ತದೆ ಎಂದು ಹೊಡೆಯುವವನೂ ಯೋಚಿಸುತ್ತಾನೆ. ಉಕ್ರೇನಿನ ಜಪೋರಿಝಿಯಾದಲ್ಲಿ ರಷ್ಯಾ 2022ರಲ್ಲಿ ಏನು ಮಾಡಿತು ಎಂದು ನೀವು ಕೇಳಬಹುದು. ಗುಂಡು ಹಾರಿತು, ಸ್ಥಾವರ ವಶವಾಯಿತು. ಆದ್ದರಿಂದ ಅಪಾಯ ಸೊನ್ನೆ ಎಂದು ನಾನು ಬರೆದುಕೊಡುವುದಿಲ್ಲ. ತೋಟ ಮಾರುವಷ್ಟು ದೊಡ್ಡದಲ್ಲ ಎಂದು ಮಾತ್ರ ಹೇಳುತ್ತೇನೆ.

ನನ್ನ ಅನುಭವದಲ್ಲಿ ಸ್ಥಾವರದ ಒಳಗಿನವರು ಹೆದರುವುದು ಕ್ಷಿಪಣಿಗಿಂತ ಒಳಗಿನ ಮನುಷ್ಯನಿಗೆ. ಕೈಗಾದಲ್ಲೇ 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಎಂಬ ವಿಕಿರಣ ವಸ್ತು ಇರುವ ಭಾರಜಲ ಬೆರೆಸಿದರು. ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತು. ಹೊರಗಿನಿಂದ ಬಂದವರ ಕೆಲಸ ಅಲ್ಲ ಅದು. ಇಂಥದ್ದನ್ನು ಐಎಇಎ ಸೀಲ್ ತಡೆಯುವುದಿಲ್ಲ, ಭಾರತ-ಪಾಕಿಸ್ತಾನದ ಪಟ್ಟಿಯೂ ತಡೆಯುವುದಿಲ್ಲ. 1980ರ ದಶಕದಲ್ಲಿ ಶಿವರಾಮ ಕಾರಂತರು ಮತ್ತು ನಿಮ್ಮ ಜಿಲ್ಲೆಯ ಜನ ಕೈಗಾ ಬೇಡ ಎಂದು ಎದ್ದಾಗ ಅವರ ಪ್ರಶ್ನೆ ಬಾಂಬಿನದಾಗಿರಲಿಲ್ಲ. ಕಾಡು, ನದಿ, ಅಪಘಾತ ಅವರ ಪ್ರಶ್ನೆ. ಅದೇ ಸರಿಯಾದ ಪ್ರಶ್ನೆ ಎಂದು ನನಗೆ ಈಗಲೂ ಅನಿಸುತ್ತದೆ.

ಹಾಗಾದರೆ ನೀವು ಏನು ಮಾಡಬೇಕು? ಈ ಮೆಸೇಜ್ ನೋಡಿ ತೋಟ ಮಾರಬೇಡಿ. ಗಾಬರಿಯಲ್ಲಿ ಮಾರುವವರಿಗೆ ಯಾವತ್ತೂ ಸರಿಯಾದ ಬೆಲೆ ಸಿಗುವುದಿಲ್ಲ. ವಯಸ್ಸಾಯಿತು, ಕೆಲಸದ ಆಳು ಸಿಗುತ್ತಿಲ್ಲ, ಮಗನ ಹತ್ತಿರ ಇರಬೇಕು ಎಂದು ಮಾರುವುದಾದರೆ ಅದು ಬೇರೆ ಮಾತು, ಅದಕ್ಕೆ ಕೈಗಾವನ್ನು ಎಳೆದು ತರಬೇಕಾಗಿಲ್ಲ. ಸುಮ್ನೆ ಮೆಸೇಜ್ ಡಿಲೀಟ್ ಮಾಡಿ ಕೂರುವುದೂ ಬೇಡ. ಸ್ಥಾವರದ ಸುತ್ತ 16 ಕಿಲೋಮೀಟರ್ ದೂರದವರೆಗಿನ ಪ್ರದೇಶವನ್ನು ತುರ್ತು ಯೋಜನೆಯ ವಲಯ ಎಂದು ಗುರುತಿಸುತ್ತಾರೆ. ನೀವು ಹೇಳುವ ದೂರ ನೋಡಿದರೆ ನಿಮ್ಮ ಮನೆ ಅದರೊಳಗೇ ಇದೆ. ಅಪಘಾತ ಆದರೆ ಜನರನ್ನು ಸಾಗಿಸುವ ಜವಾಬ್ದಾರಿ ಸ್ಥಾವರದ್ದಲ್ಲ, ಜಿಲ್ಲಾಡಳಿತದ್ದು. ಆ ಯೋಜನೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರುತ್ತದೆ. ಅದು ಕನ್ನಡದಲ್ಲಿ ಇದೆಯಾ ಎಂದು ಪಂಚಾಯಿತಿಯ ಮೂಲಕ ಲಿಖಿತವಾಗಿ ಕೇಳಿ. ನಿಮ್ಮ ಊರಿನವರು ಎಲ್ಲಿ ಸೇರಬೇಕು, ಯಾವ ಬಸ್ಸು, ಥೈರಾಯ್ಡ್ ಗ್ರಂಥಿಯನ್ನು ಕಾಪಾಡುವ ಅಯೋಡಿನ್ ಮಾತ್ರೆ ಯಾರ ಬಳಿ ಇದೆ, ಅಣಕು ಕಾರ್ಯಾಚರಣೆ ಕೊನೆಗೆ ಯಾವಾಗ ಆಯಿತು, ಇಷ್ಟಕ್ಕೆ ಉತ್ತರ ಬೇಕು. ಆ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ನುಂಗಬೇಡಿ, ಅದಕ್ಕೆ ಹೊತ್ತು, ಪ್ರಮಾಣ ಎರಡೂ ಮುಖ್ಯ. ಕೈಗಾದ ಹೊರಗೆ ನೀರು, ಮೀನು, ಹಾಲಿನ ಮಾದರಿ ತೆಗೆದು ವಿಕಿರಣ ಅಳೆಯುವ ಪ್ರಯೋಗಾಲಯವೂ ಇದೆ. ಅದರ ಅಂಕಿಗಳನ್ನು ಕೇಳುವುದರಲ್ಲಿ ತಪ್ಪಿಲ್ಲ. ಜನರಿಗೆ ಸ್ಥಾವರದಿಂದ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಜಾಸ್ತಿ ವಿಕಿರಣ ಬರಬಾರದು ಎಂಬುದು ಎಇಆರ್‌ಬಿ ಮಿತಿ. ಆ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

ಒಂದು ವಿಷಯ ಮಾತ್ರ ಒತ್ತಿ ಕೇಳಿ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಿಮ್ಮ ಕಡೆ ಮನೆಗಳಿಗೇ ನೀರು ನುಗ್ಗಿತ್ತು. ಗುಡ್ಡ ಕುಸಿತವೂ ಆ ಕಡೆ ಹೊಸದಲ್ಲ. ತುರ್ತು ಯೋಜನೆಯ ನಕ್ಷೆ ಬೇಸಿಗೆಯ ರಸ್ತೆ ನೋಡಿ ಬರೆದದ್ದಾದರೆ ಜುಲೈನಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಹೊಳೆಬದಿಯ ರಸ್ತೆ ಮುಚ್ಚಿದರೆ ನಿಮ್ಮ ಊರಿನವರನ್ನು ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆ ಎಂದು ತಹಶೀಲ್ದಾರರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.